ಮಾತಿಲ್ಲದ ನಾಲ್ಕು ನಿಮಿಷ

ಕಾರ್ಟೂನ್ ಅಂದರೆ ಮಕ್ಕಳ ಬಾಯಿ ಮುಚ್ಚಿಸುವ ಸಾಧನ ಎಂದು ನಮ್ಮ ಕಡೆ ಎಲ್ಲರೂ ಒಪ್ಪಿಕೊಂಡಂತಿದೆ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಬಸ್ ಹತ್ತಿ ನೋಡಿ, ಅಳುವ ಮಗುವಿನ ಕೈಗೆ ಮೊಬೈಲ್ ಬರುತ್ತದೆ, ಅದರೊಳಗಿಂದ ಕಿರಿಚಾಟ ಶುರುವಾಗುತ್ತದೆ. ಕೂಡ್ಲಿಗಿ ತಾಲ್ಲೂಕಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾದವನು ನಾನು. ನನ್ನ ತಕರಾರು ಕಾರ್ಟೂನಿನ ಮೇಲಲ್ಲ, ಆ ಕಿರಿಚಾಟದ ಮೇಲೆ.

ಒಮ್ಮೆ ಎಂಟನೇ ತರಗತಿಗೆ ಪಿಕ್ಸಾರ್‌ನವರ 2009ರ ‘ಅಪ್’ ಚಿತ್ರದ ಆರಂಭ ತೋರಿಸಿದ್ದೆ. ಗಂಡ ಹೆಂಡಿರ ಇಡೀ ಬಾಳು ಅಲ್ಲಿ ನಾಲ್ಕೇ ನಿಮಿಷದಲ್ಲಿ ಸಾಗಿಹೋಗುತ್ತದೆ. ಮಾತಿಲ್ಲ, ಸಂಗೀತ ಮಾತ್ರ. ಹೆಂಡತಿ ಗಂಡನ ಟೈ ಬಿಗಿಯುತ್ತಾಳೆ, ಟೈ ಬದಲಾಗುತ್ತಾ ಹೋಗುತ್ತದೆ, ನೋಡನೋಡುತ್ತಲೇ ಕೂದಲು ನರೆತಿರುತ್ತದೆ. ಹರೆಯದಲ್ಲಿ ಓಡಿ ಹತ್ತುತ್ತಿದ್ದ ಗುಡ್ಡವನ್ನು ಮುಪ್ಪಿನಲ್ಲಿ ಹತ್ತಲಾರದೆ ಕುಸಿಯುತ್ತಾಳೆ. “ಆ ಅಜ್ಜಿ ಇನ್ನ ಉಳಿಯಂಗಿಲ್ಲ ಅಲ್ರೀ ಸಾರ್?” ಎಂದಳು ಹಿಂದಿನ ಬೆಂಚಿನ ಹುಡುಗಿ. ಸಾವಿನ ಸುಳಿವು ಇನ್ನೂ ಯಾರೂ ಕೊಟ್ಟಿರಲಿಲ್ಲ. ಗುಡ್ಡವೇ ಹೇಳಿತ್ತು. ಡಿಸ್ನಿಯ ‘ಬ್ಯಾಂಬಿ’ಯಲ್ಲೂ (1942) ತಾಯಿ ಜಿಂಕೆ ಸಾಯುವುದನ್ನು ತೋರಿಸುವುದಿಲ್ಲ, ಗುಂಡಿನ ಸದ್ದು, ಆಮೇಲೆ ಹಿಮ, ಅಷ್ಟೇ.

ಇದನ್ನು ಹಾಲಿವುಡ್ಡಿನ ಜಾಣತನ ಅನ್ನುವವರು ನಮ್ಮ ತೊಗಲುಗೊಂಬೆ ಆಟ ನೋಡಿಲ್ಲ. ಅದನ್ನು ಆಡಿಸುವ ಶಿಳ್ಳೇಕ್ಯಾತರ ಗೊಂಬೆಗೆ ಮುಖ ಆಡುವುದಿಲ್ಲ, ಎಷ್ಟೋ ಗೊಂಬೆಗಳಿಗೆ ಆಡುವುದು ಒಂದೇ ಕೈ. ಆದರೂ ಹರಳೆಣ್ಣೆ ದೀಪದ ಕುಡಿ ಅಲುಗಿದರೆ ಸೀತೆ ಉಸಿರಾಡುತ್ತಾಳೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಬಣ್ಣ, ಗೆರೆ ಸ್ಪಷ್ಟ. ದೀಪದ ಕಡೆಗೆ ಎಳೆದರೆ ನೆರಳು ಹಿಗ್ಗಿ ಮಸುಕಾಗುತ್ತದೆ. ರಾವಣ ಹೀಗೆ ಹಿಗ್ಗುತ್ತಾ ಬಂದಾಗ ಮುಂದೆ ಕೂತ ಹುಡುಗರು ಅವ್ವನ ಸೆರಗು ಹಿಡಿಯುತ್ತಿದ್ದೆವು. ಅರಸನ ಗೊಂಬೆ ದೊಡ್ಡದು, ಆಳಿನದು ಚಿಕ್ಕದು. ಯಾರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಗದ್ದಲಕ್ಕೆ ಹಾಸ್ಯದ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ ಇದ್ದೇ ಇದ್ದರು, ಆದರೆ ಅವರು ಬಂದು ಹೋಗುವವರು. 1926ರಲ್ಲಿ ಜರ್ಮನಿಯ ಲಾಟೆ ರೈನಿಗರ್ ಕಪ್ಪು ಕಾಗದ ಕತ್ತರಿಸಿ ಮಾಡಿದ ‘ಪ್ರಿನ್ಸ್ ಅಹ್ಮದ್’ ಉಳಿದಿರುವ ಪೂರ್ಣಾವಧಿ ಅನಿಮೇಷನ್ ಚಿತ್ರಗಳಲ್ಲೇ ಹಳೆಯದು. ಅದೂ ನೆರಳಾಟವೇ.

2025ರ ಜುಲೈನಲ್ಲಿ ಬಂದ ‘ಮಹಾವತಾರ ನರಸಿಂಹ’ಕ್ಕೆ ಜನ ಮುಗಿಬಿದ್ದರು. ಅರ್ಪಿಸಿದವರು ನಮ್ಮ ಹೊಂಬಾಳೆ ಫಿಲ್ಮ್ಸ್‌ನವರು. ಅನಿಮೇಷನ್ನಿಗೂ ದೊಡ್ಡವರು ಟಿಕೆಟ್ ಕೊಳ್ಳುತ್ತಾರೆಂದು ತೋರಿಸಿದ್ದು ಸಂತೋಷ. ಆದರೆ ಕೊನೆಯ ಕಾದಾಟ ಎಳೆಯಿತು. ಕಂಬದ ಮುಂದೆ ನಿಂತ ಪ್ರಹ್ಲಾದನನ್ನು ನಾವು ಇನ್ನಷ್ಟು ಹೊತ್ತು ಸುಮ್ಮನೆ ನೋಡಬೇಕಿತ್ತು. ನಮ್ಮ ಪುಣ್ಯಕೋಟಿಯೂ 2020ರಲ್ಲಿ ಅನಿಮೇಷನ್ ಆಗಿ ಬಂದಳು, ಬಂದದ್ದು ಸಂಸ್ಕೃತದಲ್ಲಿ! ಕನ್ನಡದ ಹಸುವಿಗೆ ಕನ್ನಡದಲ್ಲಿ ದುಡ್ಡು ಹಾಕುವವರು ಯಾರೂ ಇರಲಿಲ್ಲವೇ?

ಗೊಂಬೆ ಆಡಿಸುವವರು ಕಡಿಮೆಯಾಗುತ್ತಿದ್ದಾರೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ, ಅವರ 96ನೇ ವಯಸ್ಸಿನಲ್ಲಿ. ಅವರ ಊರು ನಮಗೇನು ದೂರವಲ್ಲ.

ಹರಪನಹಳ್ಳಿಯ ಮೇಷ್ಟ್ರುಗಳೇ, ಎಂ.ಪಿ. ಪ್ರಕಾಶರು ರಂಗಭಾರತಿ ಕಟ್ಟಿದ ಹಡಗಲಿಯ ಗೆಳೆಯರೇ, ಶಾಲೆಯ ಟಿವಿಯಲ್ಲಿ ಒಂದು ಒಳ್ಳೆಯ ಅನಿಮೇಷನ್ ಚಿತ್ರ ಹಾಕಿ, ಅರ್ಧ ಗಂಟೆ ಸದ್ದು ತೆಗೆದು ತೋರಿಸಿ. ಅದೇ ವಾರ ಒಂದು ಗೊಂಬೆ ಮೇಳ ಕರೆಸಿ. ಕರೆಸಿದವರಿಗೆ ಶಾಲು, ಹಾರದ ಜೊತೆ ಸರಿಯಾದ ಸಂಭಾವನೆಯನ್ನೂ ಕೊಡಿ.