ಕಟ್ಟುವ ಕೈಗಳನ್ನು ಬಿಟ್ಟು ಕಟ್ಟಡದ ಸಂಶೋಧನೆಯೆ?

ಪುಣೆಯ ಪೂರ್ವಕ್ಕೆ, ಮುಳಾ-ಮುಠಾ ನದಿಯ ದಂಡೆಯ ಮೇಲೆ, ಖರಾಡಿ ಎಂಬ ಊರಿದೆ. ಒಂದು ಕಾಲಕ್ಕೆ ಹೊಲಗಳ ಹಳ್ಳಿ. ಇಂದು ಅಲ್ಲಿ ಗಾಜಿನ ಗೋಡೆಯ ಕಚೇರಿಗಳೂ ಕತ್ತೆತ್ತಿ ನೋಡಬೇಕಾದ ಮಹಡಿಗಳೂ ಎದ್ದು ನಿಂತಿವೆ; ಇನ್ನೂ ಏಳುತ್ತಲಿವೆ. ಪುಣೆಯ ಇಂಥ ಕಾಮಗಾರಿಗಳಲ್ಲಿ ಸರಳು ಕಟ್ಟುವವರ, ಗಾರೆಯ ಬುಟ್ಟಿ ಹೊರುವವರ ಮಾತಿಗೆ ಕಿವಿಗೊಟ್ಟರೆ, ಹಿಂದಿ ಮರಾಠಿಗಳ ನಡುವೆ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರಗಳ ಕನ್ನಡವೂ ಕೇಳಿಬರುತ್ತದೆ.

ಪುಣೆ ಕಟ್ಟಡ ವಿದ್ಯೆಯ ಪೀಠವೂ ಹೌದು. 1854ರಲ್ಲಿ ಲೋಕೋಪಯೋಗಿ ಇಲಾಖೆಗೆ ಜನರನ್ನು ತರಬೇತು ಮಾಡಲೆಂದು ತೆರೆದ ಶಾಲೆಯೇ ಬೆಳೆದು ಇಂದು ಸಿ.ಓ.ಇ.ಪಿ. ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ನಮ್ಮ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ ಇಂಜಿನಿಯರಿಂಗ್ ಕಲಿಯಲು ಬಂದದ್ದು ಇದೇ ಕಾಲೇಜಿಗೆ. ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಮೊದಲು ಕೂಡಿಸಿದ್ದು ಪುಣೆಯ ಖಡಕವಾಸ್ಲಾ ಜಲಾಶಯಕ್ಕೆ. ಕಟ್ಟಡ ನಿರ್ವಹಣೆಯನ್ನೇ ಕಲಿಸುವ, 1983ರಲ್ಲಿ ಸ್ಥಾಪನೆಯಾದ ನಿಕ್ಮಾರ್ ಸಂಸ್ಥೆಯೂ ಈ ನಗರದ ಬಾಲೇವಾಡಿಯಲ್ಲಿದೆ. ಕಟ್ಟಡದ ವಿಷಯದಲ್ಲಿ ಪ್ರಬಂಧ ಬರೆದು ಮೇಲಿನ ಪದವಿ ಪಡೆಯುವ ತರುಣರಿಗೆ ಇಲ್ಲಿ ಕೊರತೆಯಿಲ್ಲ.

ಈ ಸಂಶೋಧನೆ ಯಾರ ಸಲುವಾಗಿ, ಎಂಬುದೇ ನಮ್ಮ ಪ್ರಶ್ನೆ. ಖರ್ಚು, ವಿಳಂಬ, ಯಂತ್ರ, ಕಾಂಕ್ರೀಟಿನ ಗಟ್ಟಿತನ, ಇವೆಲ್ಲ ಅಭ್ಯಾಸ ಮಾಡತಕ್ಕ ವಿಷಯಗಳೇ. ಆದರೆ ಕಟ್ಟುವವನು ಆ ಹೊತ್ತಿಗೆಯಲ್ಲಿ ‘ಆಳು-ದಿನ’ ಎಂಬ ಒಂದು ಅಂಕಿಯಾಗಿ ಮಾತ್ರ ಉಳಿದರೆ, ಅದು ಅರ್ಧ ಸಂಶೋಧನೆ.

ಈ ವಿದ್ಯೆ ಒಂದು ಕಾಲಕ್ಕೆ ಕೂಲಿಕಾರನ ಮೈಯನ್ನು ನೋಡುವುದರಿಂದಲೇ ಮುಂದೆ ಹೋಯಿತೆಂಬುದನ್ನು ಮರೆಯಬಾರದು. ಅಮೆರಿಕದ ಫ್ರಾಂಕ್ ಗಿಲ್ಬ್ರೆತ್ ಎಂಬಾತ 1885ರಲ್ಲಿ ಇಟ್ಟಿಗೆ ಕಟ್ಟುವ ಗವಂಡಿಯ ಕೈಕೆಳಗೆ ಕೆಲಸಕ್ಕೆ ಸೇರಿದ. ಒಂದೊಂದು ಇಟ್ಟಿಗೆಗೂ ಗವಂಡಿ ನೆಲದವರೆಗೆ ಬಾಗಿ ಏಳುವುದನ್ನು ಕಂಡ. ಗೋಡೆ ಏರಿದಂತೆ ಏರಿಸಬಹುದಾದ ಸಾರುವೆ ಮಾಡಿ, ಇಟ್ಟಿಗೆಯನ್ನು ಕೈಮಟ್ಟಕ್ಕೆ ತಂದ. ಹದಿನೆಂಟು ಚಲನೆಗಳು ಐದಕ್ಕೆ ಇಳಿದವು; ತಾಸಿಗೆ 120 ಇಟ್ಟಿಗೆಯ ಜಾಗದಲ್ಲಿ 350 ಕೂಡತೊಡಗಿದವು. ಬೆನ್ನಿಗೆ ಬಿಡುವು ಸಿಕ್ಕಿತು, ನಿಜ. ಆದರೆ ಹೆಚ್ಚಿದ 230 ಇಟ್ಟಿಗೆಗಳ ಲಾಭ ಯಾರ ಪಾಲಿಗೆ ಎಷ್ಟು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1928ರಲ್ಲಿ ಮುಂಬಯಿಯ ಗಿರಣಿಗಳು ಆರು ತಿಂಗಳು ನಿಂತದ್ದು ಒಬ್ಬ ನೇಕಾರನಿಗೆ ಎರಡರ ಬದಲು ಮೂರು ಮಗ್ಗ ಹೇರುವಂಥ ‘ಸುಧಾರಣೆ’ಗಳಿಗೆ ವಿರೋಧವಾಗಿ. ಅಳತೆಪಟ್ಟಿ ಕೆಟ್ಟದ್ದಲ್ಲ. ಅದು ಯಾರ ಕೈಯಲ್ಲಿದೆ, ಏನನ್ನು ಅಳೆಯುತ್ತಿದೆ ಎಂಬುದೇ ಮುಖ್ಯ.

ಅಳೆಯತಕ್ಕದ್ದು ಬೇಕಾದಷ್ಟಿದೆ. 2016ರ ಜುಲೈ 29ರಂದು ಬಾಲೇವಾಡಿಯಲ್ಲಿ ಸ್ಲ್ಯಾಬು ಕುಸಿದು ಒಂಬತ್ತು ಮಂದಿ ಕೂಲಿಕಾರರು ಸತ್ತರು. 2019ರ ಜೂನ್ ಕೊನೆಗೆ ಕೋಂಢವಾದಲ್ಲಿ ಮಳೆಗೆ ಗೋಡೆ ಬಿದ್ದು, ಅದರ ಬುಡದ ತಗಡಿನ ಶೆಡ್ಡುಗಳಲ್ಲಿ ಮಲಗಿದ್ದ ಹದಿನೈದು ಮಂದಿ, ಮಕ್ಕಳು ಸಹಿತ, ಮಡಿದರು. 2022ರ ಫೆಬ್ರವರಿಯಲ್ಲಿ, ಖರಾಡಿಗೆ ದೂರವಲ್ಲದ ಯೆರವಡಾದಲ್ಲಿ, ಕಬ್ಬಿಣದ ಸರಳುಗಳ ಹಂದರ ಕುಸಿದು ಐವರು ಸತ್ತರು. ಇವು ಪತ್ರಿಕೆಗೆ ಬಂದ ಸಾವುಗಳು. ಸಾರುವೆಯಿಂದ ಜಾರಿ ಸೊಂಟ ಮುರಿದುಕೊಂಡವನ ಸುದ್ದಿ ಯಾವ ಪತ್ರಿಕೆಗೂ ಬರುವುದಿಲ್ಲ.

ಸಂಶೋಧಕರು ಇಲ್ಲಿಯೇ ಎಚ್ಚರವಾಗಿರಬೇಕು. ಕಾಮಗಾರಿಯಲ್ಲಿ ನಿಂತು ಎಣಿಸಿದರೆ ಗಟ್ಟಿಮುಟ್ಟಾಗಿ ಉಳಿದವರು ಮಾತ್ರ ಲೆಕ್ಕಕ್ಕೆ ಸಿಗುತ್ತಾರೆ. ಬಿದ್ದವನು ಊರಿಗೆ ಹೋಗಿರುತ್ತಾನೆ. ಕಲ್ಲು, ಫರಸಿ ಕೊಯ್ಯುವಾಗಿನ ಧೂಳು ಕುಡಿದವನಿಗೆ ದಮ್ಮು ಹತ್ತುವುದು ಎಷ್ಟೋ ವರ್ಷಗಳ ಮೇಲೆ. ಆಗ ಅವನು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಖರಾಡಿಯ ಲೆಕ್ಕ ಸರಿಯಾಗಬೇಕಾದರೆ ಯಾದಗಿರಿಯ ತಾಂಡಾಗಳಿಗೂ ಹಳ್ಳಿಗಳಿಗೂ ಹೋಗಿ, ಮರಳಿ ಬಂದವರು ಯಾರು, ಏಕೆ ಬಂದರು ಎಂದು ಕೇಳಬೇಕು. ಮುಂಗಡ ಕೊಟ್ಟು ಕರೆತಂದ ಮುಕಾದಮನ ಲೆಕ್ಕವೂ ಅಲ್ಲಿಯೇ ತಿಳಿಯುವುದು.

ಕೇಳಬೇಕಾದ ಇನ್ನೊಂದು ಪ್ರಶ್ನೆ ಹಣದ್ದು. 1996ರ ಕಾಯಿದೆಗಳು ಕಟ್ಟಡದ ಖರ್ಚಿನ ಮೇಲೆ ಸೆಸ್ಸು ಹಾಕಿ, ಆ ಹಣವನ್ನು ಕೂಲಿಕಾರರ ಕಲ್ಯಾಣ ಮಂಡಳಿಗೆ ಸೇರಿಸಿದವು. ಸಾಮಾನ್ಯವಾಗಿ ನೂರಕ್ಕೆ ಒಂದು ರೂಪಾಯಿ. ಅವುಗಳ ಜಾಗಕ್ಕೆಂದು 2020ರಲ್ಲಿ ಸಂಸತ್ತು ಒಪ್ಪಿದ ಸಂಹಿತೆಯೂ ಸೆಸ್ಸನ್ನು ಉಳಿಸಿಕೊಂಡಿದೆ. ವರ್ಷಕ್ಕೆ ತೊಂಬತ್ತು ದಿನ ದುಡಿದವನು ಹೆಸರು ನೋಂದಾಯಿಸಬಹುದೆಂಬುದು ಆ ಕಾಯಿದೆಯ ಮಾತು. ಆದರೆ ಮೂರು ತಿಂಗಳಿಗೊಂದು ಕಾಮಗಾರಿ ಬದಲಿಸುವವನಿಗೆ ತೊಂಬತ್ತು ದಿನದ ಚೀಟಿ ಬರೆದುಕೊಡುವವರು ಯಾರು? ಒಂದು ಕಟ್ಟಡಕ್ಕೆ ಕಟ್ಟಿದ ಸೆಸ್ಸೆಷ್ಟು, ಅದನ್ನು ಕಟ್ಟಿದವರಲ್ಲಿ ನೋಂದಾಯಿತರೆಷ್ಟು ಎಂದು ಒಬ್ಬ ವಿದ್ಯಾರ್ಥಿ ಲೆಕ್ಕ ಹಾಕಿದರೆ, ಆ ಒಂದು ಪುಟ ನೂರು ಪುಟದ ಪ್ರಬಂಧಕ್ಕೆ ಸಮ.

ಕೇಳುವ ರೀತಿಯೂ ಮುಖ್ಯ. ಇಂಗ್ಲಿಷಿನ ಪ್ರಶ್ನೆಗಳನ್ನು ಸುಪರ್‌ವೈಜರನೇ ಹಿಂದಿಗೆ ತಿರುಗಿಸಿ, ಮುಕಾದಮನ ಎದುರಿಗೆ ಕೇಳಿದರೆ, ನಮ್ಮವನು ಕೊಡುವ ಉತ್ತರ ಒಂದೇ: “ಎಲ್ಲಾ ಛಲೋ ಐತ್ರಿ ಸಾಹೇಬ್ರ.” ಅದನ್ನೇ ಬರೆದುಕೊಂಡು ಹೋದರೆ ಸುಳ್ಳಿಗೆ ಪದವಿ ಸಿಕ್ಕಂತಾಯಿತು. ಸಂಜೆ ಒಲೆ ಹೊತ್ತಿದ ಮೇಲೆ ಶೆಡ್ಡಿನ ಮುಂದೆ ಕುಳಿತು, ಅವರ ಮಾತಿನಲ್ಲೇ ಕೇಳಬೇಕು. ಹೆಣ್ಣಾಳುಗಳನ್ನು ಬೇರೆಯಾಗಿ ಕೇಳಬೇಕು. ಗಂಡನ ಹೆಸರಿಗೆ ಬರೆದ ಪಗಾರದಲ್ಲಿ ಅವರ ದುಡಿಮೆ ಕಾಣುವುದಿಲ್ಲ. ಯಾರ ಹೆಸರನ್ನೂ ಹೊರಗೆಡಹಬಾರದು. ಕೊನೆಗೆ, ಕಂಡುಕೊಂಡದ್ದನ್ನು ಕನ್ನಡದಲ್ಲಿ ಅವರಿಗೇ ಓದಿ ಹೇಳಬೇಕು.

ಇದಕ್ಕೂ ಹೊಟೇಲು, ಗಿರಣಿಗಳ ನಮಗೂ ಏನು ಸಂಬಂಧ ಎಂದು ಕೇಳಬೇಡಿ. ಒಂದೇ ಮನೆಯ ಅಣ್ಣ ಗಲ್ಲೆಯ ಹತ್ತಿರ ಚಹಾ ಕೊಡುತ್ತಿರುವಾಗ ತಮ್ಮ ಹನ್ನೆರಡನೆಯ ಮಹಡಿಯಲ್ಲಿ ಸೆಂಟ್ರಿಂಗ್ ಬಡಿಯುತ್ತಿರಬಹುದು. ನಮಗೆ ಸಂಘವಿದೆ, ಪತ್ರಿಕೆಯಿದೆ. ದಿನಗೂಲಿಯ ಆ ತಮ್ಮನಿಗೆ ಎರಡೂ ಇಲ್ಲ. ಎರಡು ಭಾಷೆ ಬಲ್ಲ ನಮ್ಮ ಸದಸ್ಯರು, ಕೇಳಿಬರುವ ವಿದ್ಯಾರ್ಥಿಗಳಿಗೆ ರಜೆಯ ದಿನ ದುಭಾಷಿಗಳಾಗಿ ಹೋಗಬೇಕು. ಮಾಲಕರ ಹಂಗಿನ ದುಭಾಷಿಗಿಂತ ಅದು ಎಷ್ಟೋ ಮೇಲು.

ಇನ್ನೊಂದು ಮಾತು. ಹಗಲು ಕಪ್ಪು-ಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಓದಿದವರ ಮಕ್ಕಳು ಇಂದು ಇಂಜಿನಿಯರಿಂಗ್ ಕಾಲೇಜು ಮುಟ್ಟಿದ್ದಾರೆ. ಅವರಲ್ಲಿ ಯಾರಾದರೂ ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ನಾವು ಹೇಳುವುದಿಷ್ಟೆ: ಖರಾಡಿಗೆ ಹೋಗಿರಿ. ಕಟ್ಟಡವನ್ನು ನೋಡುವ ಮೊದಲು ಅದರ ಬುಡದ ತಗಡಿನ ಶೆಡ್ಡನ್ನು ನೋಡಿರಿ. ಮೇ ತಿಂಗಳ ಮಧ್ಯಾಹ್ನ ಅದರೊಳಗೆ ಶಾಖ ಎಷ್ಟೆಂದು ಅಳೆಯಿರಿ. ಕುಡಿಯುವ ನೀರು ಎಷ್ಟು ಹೆಜ್ಜೆ ದೂರವೆಂದು ಎಣಿಸಿರಿ. ನಿಮ್ಮ ಸಂಶೋಧನೆ ಅಲ್ಲಿಂದ ಆರಂಭವಾಗಲಿ.