ನುಣ್ಣನೆಯ ದೂಳು, ನಿಧಾನದ ಹಾನಿ

ವಾಯುಮಾಲಿನ್ಯದ ಚರ್ಚೆ ನಮ್ಮಲ್ಲಿ ದೆಹಲಿಯ ಚಳಿಗಾಲದ ಹೊಗೆಮಂಜಿನೊಂದಿಗೆ ಆರಂಭವಾಗಿ ಅದರೊಂದಿಗೇ ಮುಗಿಯುತ್ತದೆ. ಆದರೆ ಆರೋಗ್ಯಕ್ಕೆ ದೊಡ್ಡ ಪೆಟ್ಟು ಬೀಳುವುದು ವರ್ಷಾನುಗಟ್ಟಲೆ ಸೇವಿಸುವ, ನೋಡಲು ತಿಳಿಯಾಗಿಯೇ ಕಾಣುವ ಗಾಳಿಯಿಂದ. ಅಮೆರಿಕದ ಆರು ನಗರಗಳ 8,111 ವಯಸ್ಕರನ್ನು 14ರಿಂದ 16 ವರ್ಷ ಗಮನಿಸಿ 1993ರಲ್ಲಿ ಪ್ರಕಟವಾದ ಹಾರ್ವರ್ಡ್ ಅಧ್ಯಯನವು, ಧೂಮಪಾನವೇ ಮೊದಲಾದ ಕಾರಣಗಳನ್ನು ಲೆಕ್ಕದಿಂದ ಬೇರ್ಪಡಿಸಿದ ಮೇಲೂ, ಉಕ್ಕಿನ ಕಾರ್ಖಾನೆಗಳ ಸ್ಟೂಬೆನ್‌ವಿಲ್‌ನಲ್ಲಿ ಮರಣಪ್ರಮಾಣ ಪೋರ್ಟೇಜ್ ಎಂಬ ಶುಭ್ರ ಗಾಳಿಯ ಊರಿಗಿಂತ ಶೇ 26ರಷ್ಟು ಹೆಚ್ಚೆಂದು ತೋರಿಸಿತು.

ಇದಕ್ಕೆ ಮುಖ್ಯ ಕಾರಣ ಪಿಎಂ 2.5, ಅಂದರೆ 2.5 ಮೈಕ್ರೊಮೀಟರ್‌ಗಿಂತ ಹೆಚ್ಚು ವ್ಯಾಸವಿಲ್ಲದ ಕಣ. ಮೂಗು, ಗಂಟಲುಗಳಲ್ಲಿ ತಡೆಗೊಳ್ಳದೆ ಶ್ವಾಸಕೋಶದ ಗಾಳಿಚೀಲಗಳವರೆಗೆ ಇಳಿಯುವ ಅದು ಅಲ್ಲಿ ಉರಿಯೂತ ಹುಟ್ಟಿಸುತ್ತದೆ. ಆ ಉರಿಯೂತ ಶ್ವಾಸಕೋಶಕ್ಕಷ್ಟೇ ಸೀಮಿತವಾಗದೆ ರಕ್ತನಾಳಗಳ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗುವುದನ್ನು ಚುರುಕುಗೊಳಿಸುವುದರಿಂದ, ಕೆಮ್ಮನ್ನೇ ಕಾಣದವರಿಗೂ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಏರುತ್ತದೆ. ಶ್ವಾಸಕೋಶದ ಕ್ಯಾನ್ಸರ್‌ಗೂ ಹೊರಾಂಗಣ ಮಾಲಿನ್ಯ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2013ರಲ್ಲೇ ಹೇಳಿದೆ.

ಈ ಕಣದ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೊಗ್ರಾಂ ಮೀರಬಾರದೆಂದು ಅದೇ ಸಂಸ್ಥೆ 2021ರಲ್ಲಿ ಸೂಚಿಸಿದ್ದರೆ, ಭಾರತ 2009ರಲ್ಲಿ ನಿಗದಿಪಡಿಸಿದ ಮಿತಿ 40. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳನ್ನು ಒಳಗೊಂಡ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವಾದರೂ (2019) ನಗರಗಳ ಸಾಧನೆಯನ್ನು ಅಳೆಯುತ್ತಿರುವುದು ಹೆಚ್ಚಾಗಿ ಪಿಎಂ 10 ಎಂಬ ದಪ್ಪ ದೂಳಿನಿಂದ. ರಸ್ತೆ ಗುಡಿಸಿ ನೀರು ಚಿಮುಕಿಸಿದರೆ ಆ ಅಂಕಿ ಇಳಿದೀತು. ಡೀಸೆಲ್ ಹೊಗೆ, ಬೀದಿಬದಿಯಲ್ಲಿ ಸುಡುವ ಕಸಗಳಿಂದ ಬರುವ ನುಣ್ಣನೆಯ ಕಣ ಮಾತ್ರ ಹಾಗೆ ತಗ್ಗುವುದಿಲ್ಲ. ಅನುದಾನವನ್ನು ಪಿಎಂ 2.5ರ ಇಳಿಕೆಗೆ ಜೋಡಿಸುವುದು ಕೇಂದ್ರ ಮಾಡಬೇಕಾದ ಮೊದಲ ತಿದ್ದುಪಡಿ.