ಲಂಡನ್ ಕನ್ನಡಿಗರೇ, ಗಾಳಿಗೂ ಒಂದು ಓಟು ಹಾಕಿ

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹೊಗೆ ಕುಡಿದು ಬಂದ ನಮಗೆ ಲಂಡನ್ನಿನ ಗಾಳಿ ಸ್ವಚ್ಛವೆನ್ನಿಸುವುದು ಸಹಜ. ಧೂಳಿಲ್ಲ, ಕಸ ಸುಡುವ ವಾಸನೆಯಿಲ್ಲ. ಆದರೆ ಇಲ್ಲಿನ ರಸ್ತೆಬದಿಯ ನೈಟ್ರೋಜನ್ ಡೈಆಕ್ಸೈಡ್ ಕಣ್ಣಿಗೆ ಕಾಣುವಂಥದ್ದಲ್ಲ. ಅದರ ಗಂಟೆಯ ಸರಾಸರಿ ಘನ ಮೀಟರಿಗೆ 200 ಮೈಕ್ರೋಗ್ರಾಂ ಮೀರುವುದು ವರ್ಷಕ್ಕೆ 18 ಸಲಕ್ಕಿಂತ ಹೆಚ್ಚಾಗಬಾರದೆಂದು ಕಾನೂನಿದೆ. 2017ರಲ್ಲಿ ಬ್ರಿಕ್ಸ್‌ಟನ್ ರಸ್ತೆ ಆ ವರ್ಷದ ಪಾಲನ್ನು ಜನವರಿಯ ಮೊದಲ ವಾರದೊಳಗೇ ಮುಗಿಸಿತ್ತು. ಇದರ ಹಿಂದೆ ಸರ್ಕಾರದ ಕೈಯೂ ಇದೆ. 2001ರಲ್ಲಿ ಕಾರಿನ ತೆರಿಗೆಯನ್ನು ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ಕಟ್ಟಿದಾಗ ಜನ ಡೀಸೆಲ್ ಕಡೆ ತಿರುಗಿದರು. ಹವಾಮಾನ ಉಳಿಸುವ ಭರದಲ್ಲಿ ಶ್ವಾಸಕೋಶ ಮರೆತುಹೋಯಿತು.

ಎಲ್ಲಾ ಅಡೂ ಕಿಸ್ಸಿ ಡೆಬ್ರಾ ಎಂಬ ಹುಡುಗಿಯ ಹೆಸರನ್ನು ಇಲ್ಲಿ ಮಕ್ಕಳನ್ನು ಬೆಳೆಸುವ ಪ್ರತಿ ಕನ್ನಡ ಮನೆಯೂ ತಿಳಿದಿರಬೇಕು. ಲೂಯಿಶಮ್‌ನಲ್ಲಿ, ಸೌತ್ ಸರ್ಕ್ಯುಲರ್ ರಸ್ತೆಗೆ ಹತ್ತಿರದ ಮನೆ. ತೀವ್ರ ಉಬ್ಬಸದಿಂದ ಮತ್ತೆ ಮತ್ತೆ ಆಸ್ಪತ್ರೆ ಸೇರಿ, 2013ರ ಫೆಬ್ರವರಿಯಲ್ಲಿ, ಒಂಬತ್ತನೇ ವಯಸ್ಸಿಗೆ ತೀರಿಕೊಂಡಳು. ತಾಯಿ ರೋಸಮಂಡ್ ಬಿಡಲಿಲ್ಲ. 2020ರ ಡಿಸೆಂಬರಿನಲ್ಲಿ ಎರಡನೇ ವಿಚಾರಣೆ ಮುಗಿಸಿದ ಕರೋನರ್, ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ದಾಖಲಿಸಿದರು. ಬ್ರಿಟನ್ನಿನಲ್ಲಿ ಅದೇ ಮೊದಲು. ಗಾಳಿಯ ಅಪಾಯವನ್ನು ತಾಯಿಗೆ ಯಾರೂ ತಿಳಿಸಿರಲಿಲ್ಲ ಎಂಬುದನ್ನೂ ಅವರು ಎತ್ತಿ ಹೇಳಿದರು. ನನ್ನನ್ನು ಹೆಚ್ಚು ಕಾಡುವುದು ಈ ಮಾತೇ.

ಹಾಗಾಗಿ ತಿಳಿಸುವ ಕೆಲಸ ನಮ್ಮಿಂದಲೂ ಆಗಲಿ. ನಮ್ಮವರಲ್ಲಿ ಒಂದು ಹಳೆಯ ಭಯ ಇನ್ನೂ ಹೋಗಿಲ್ಲ: ಇನ್‌ಹೇಲರ್ ಹಿಡಿದರೆ ಬಿಡಲಾಗದ ಚಟವಾಗುತ್ತದೆ ಎಂದು. ಅದಕ್ಕೇ ವೈದ್ಯರು ದಿನವೂ ಸೇದಲು ಕೊಟ್ಟ, ಸಾಮಾನ್ಯವಾಗಿ ಕಂದು ಬಣ್ಣದ, ಉರಿಯೂತ ತಗ್ಗಿಸುವ ಇನ್‌ಹೇಲರನ್ನು ಮೂಲೆಗಿಟ್ಟು, ದಮ್ಮು ಕಟ್ಟಿದಾಗ ಮಾತ್ರ ನೀಲಿಯದನ್ನು ಹುಡುಕುತ್ತಾರೆ. ನೀಲಿಯದು ವಾರಕ್ಕೆ ಮೂರು ಸಲ ಬೇಕಾಗುತ್ತಿದೆಯೆಂದರೆ ಉಬ್ಬಸ ಹತೋಟಿಯಲ್ಲಿಲ್ಲವೆಂದೇ ಅರ್ಥ, ಜಿಪಿಯನ್ನು ಕಾಣಿ. ವರ್ಷಕ್ಕೊಮ್ಮೆ ಆಗಬೇಕಾದ ತಪಾಸಣೆಯನ್ನೂ, ನಿಮ್ಮ ಹೆಸರಿನಲ್ಲೇ ಬರೆದುಕೊಡುವ ಆಸ್ತಮಾ ಯೋಜನೆಯನ್ನೂ ಕೇಳಿ ಪಡೆಯಿರಿ. ಊರಿಂದ ಬರುವ ಅಪ್ಪ ಅಮ್ಮನ ಪ್ರಯಾಣ ವಿಮೆಯಲ್ಲಿ ಉಬ್ಬಸವನ್ನು ಮುಚ್ಚಿಡಬೇಡಿ.

ಮನೆಯೊಳಗಿನ ಹೊಗೆಗೆ ಕೌನ್ಸಿಲನ್ನು ದೂರಿ ಫಲವಿಲ್ಲ. ಇಲ್ಲಿನ ಎಷ್ಟೋ ಫ್ಲ್ಯಾಟ್‌ಗಳಲ್ಲಿ ಒಲೆಯ ಮೇಲಿನ ಚಿಮಣಿ ಹೊಗೆಯನ್ನು ಹೊರಗೆ ಕಳಿಸುವುದೇ ಇಲ್ಲ, ಜಿಡ್ಡು ಸೋಸಿ ಗಾಳಿಯನ್ನು ಅಡುಗೆಮನೆಗೇ ಮರಳಿಸುತ್ತದೆ. ಒಣಮೆಣಸಿನ ಒಗ್ಗರಣೆ ಹಾಕುವಾಗ ಚಳಿಯೆಂದು ನೋಡದೆ ಕಿಟಕಿ ತೆರೆಯಿರಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಊದುಬತ್ತಿ ಬೇಡ. ದೇವರು ಇದಕ್ಕೆ ಮುನಿಸಿಕೊಳ್ಳುವವನಲ್ಲ.

ಶಾಲೆಯ ಬಾಗಿಲಲ್ಲಿ ಮಗುವಿಗಾಗಿ ಕಾಯುವಾಗ ಎಂಜಿನ್ ಆಫ್ ಮಾಡಿ. ರಸ್ತೆಯಲ್ಲಿ ನಿಂತ ಗಾಡಿಯ ಎಂಜಿನನ್ನು ಸುಮ್ಮನೆ ಓಡಿಸುತ್ತಿರುವುದು ಇಲ್ಲಿ ಕಾನೂನಿಗೂ ವಿರುದ್ಧ. ಇನ್ನು ಹೊಗೆಯ ಮಿತಿ ಮೀರುವ ಗಾಡಿಗಳಿಗೆ ಶುಲ್ಕ ಹಾಕುವ ವಲಯ, ಯುಲೆಝ್. 2023ರ ಆಗಸ್ಟಿನಲ್ಲಿ ಅದು ಲಂಡನ್ನಿನ ಎಲ್ಲ ಬರೋಗಳಿಗೆ ಹಬ್ಬಿದಾಗ, ದಿನಕ್ಕೆ ಹನ್ನೆರಡೂವರೆ ಪೌಂಡ್ ಎಂದು ನಮ್ಮವರೂ ಸಿಡಿಮಿಡಿಗೊಂಡರು. ಹಳೆಯ ವ್ಯಾನಿನಲ್ಲೇ ದುಡಿದು ತಿನ್ನುವವರಿಗೆ ಅದು ನಿಜಕ್ಕೂ ಹೊರೆ, ಅವರ ಮಾತನ್ನು ತಳ್ಳಿಹಾಕಲಾರೆ. ಆದರೂ ನಾನು ಯುಲೆಝ್ ಪರ. ಗಾಳಿ ಮೊದಲಿಗಿಂತ ಸುಧಾರಿಸಿದೆ. ಹಾಗೆಂದು ಸಾಕೆನ್ನುವಂತಿಲ್ಲ: ನೈಟ್ರೋಜನ್ ಡೈಆಕ್ಸೈಡ್‌ಗೆ ಇಲ್ಲಿನ ಕಾನೂನು ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಂವರೆಗೆ ಬಿಡುತ್ತದೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 10.

ಶಾಲೆ ತೆರೆಯುವ, ಬಿಡುವ ಹೊತ್ತಿಗೆ ಎದುರಿನ ಬೀದಿಗೆ ಕಾರು ಬಾರದಂತೆ ತಡೆಯುವ 'ಸ್ಕೂಲ್ ಸ್ಟ್ರೀಟ್' ತರುವವರು ನಿಮ್ಮ ಬರೋ ಕೌನ್ಸಿಲ್‌ನವರು. ಅಲ್ಲಿ ಕೂರುವ ಕೌನ್ಸಿಲರನ್ನು ಆರಿಸುವ ಹಕ್ಕು ನಿಮಗಿದೆ. 'ನಮ್ಮದು ಭಾರತದ ಪಾಸ್‌ಪೋರ್ಟು, ನಮಗೆಲ್ಲಿಯ ಓಟು' ಎನ್ನಬೇಡಿ. ಕಾಮನ್‌ವೆಲ್ತ್ ಪ್ರಜೆಯಾಗಿ, ಇಲ್ಲಿರಲು ಚಾಲ್ತಿ ವೀಸಾ ಇದ್ದರೆ, ಕೆಲಸಕ್ಕೆ ಬಂದವರೂ ಓದಲು ಬಂದವರೂ ಮತದಾರರಾಗಬಹುದು. ಕೌನ್ಸಿಲ್‌ಗೆ ಮಾತ್ರವಲ್ಲ, ಲಂಡನ್ ಮೇಯರ್‌ಗೂ, ಸಂಸತ್ತಿಗೂ. ಕಲಬುರಗಿಯ ನೀರಜ್ ಪಾಟೀಲರು ಇದೇ ಬ್ರಿಕ್ಸ್‌ಟನ್ ಇರುವ ಲ್ಯಾಂಬೆತ್ ಬರೋಗೆ ಮೇಯರ್ ಆಗಿದ್ದರು. ಕನ್ನಡಿಗರು ಆ ಸಭೆಯಲ್ಲಿ ಕೂತಿದ್ದಾರೆ, ಉಳಿದವರು ಕನಿಷ್ಠ ಪಟ್ಟಿಯಲ್ಲಾದರೂ ಇರೋಣ.

ಈ ವಾರಾಂತ್ಯವೇ ನೋಂದಾಯಿಸಿ. ಆನ್‌ಲೈನ್ ಅರ್ಜಿ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೈಯಲ್ಲಿದ್ದರೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಓಟು ಕೇಳಲು ಬಾಗಿಲು ತಟ್ಟಿದವರನ್ನು ನಿಲ್ಲಿಸಿ, ನಮ್ಮ ಶಾಲೆಯ ಬೀದಿಗೆ ಏನು ಮಾಡುತ್ತೀರೆಂದು ಕೇಳಿ. ಮತಗಟ್ಟೆಯಲ್ಲಿ ಫೋಟೋ ಇರುವ ಗುರುತುಪತ್ರ ತೋರಿಸಬೇಕು. ನಿಮ್ಮ ಭಾರತದ ಪಾಸ್‌ಪೋರ್ಟ್ ಸಾಕು.